ಹಿತ್ತಲಿಗೆ ಕಲ್ಲು ಹಾಸುವ ಮೊದಲು

ಕೆಲವರು ಮಣ್ಣು ಮುಟ್ಟಿದರೆ ಚಿನ್ನವಾಗುತ್ತದಂತೆ. ನಾನು ಗಿಡ ಮುಟ್ಟಿದರೆ ಮಣ್ಣಾಗುತ್ತದೆ. ಒಮ್ಮೆ ಆದರೆ ಗ್ರಹಚಾರ ಎನ್ನಬಹುದು. ವಾರ ಬಿಟ್ಟು ವಾರ ಆಗುವುದಕ್ಕೆ ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ಮೂವತ್ತು ವರ್ಷ ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡಿದೆ. ಮಂಡಿ ನೋವು ಹೆಚ್ಚಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತೆ. ಕೂತ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ನನ್ನದು ಎನ್ನುವ ಜಾಗವೇ ಇಲ್ಲ. ಅಡುಗೆಮನೆ ಹೆಂಡತಿಯದು, ಪಡಸಾಲೆ ಟೀವಿಯದು, ದೇವರ ಕೋಣೆ ದೇವರದು. ಉಳಿದದ್ದು ಹಿತ್ತಲೊಂದೇ. ಅದರ ಮೇಲೂ ಹೆಂಡತಿಯ ಕಣ್ಣು ಬಿದ್ದಿತ್ತು. ಕಡಪ ಕಲ್ಲು ಹಾಸಿಸಿದರೆ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗಿಸಲು ಅನುಕೂಲ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದಳು. ನಾನು ಅಲ್ಲಿ ಕಾಯಿಪಲ್ಯ ಬೆಳೆಯುತ್ತೇನೆ ಎಂದು ಹಟ ಹಿಡಿದೆ. ಸಂಕ್ರಾಂತಿಯ ದಿನ ಕರಾರು ಆಯಿತು.

"ಯುಗಾದಿ ತನಕ ಟೈಮ್ ಕೊಡ್ತೀನ್ರಿ" ಎಂದಳು. "ಹಬ್ಬದ ಊಟಕ್ಕ ಒಂದು ಪಲ್ಯಕ್ಕ ಆಗೋಷ್ಟು ಕಾಯಿ ನಿಮ್ಮ ಹಿತ್ತಲಾಗಿಂದ ಬರಬೇಕು. ಬರಲಿಲ್ಲಂದ್ರ ಮರುದಿನಾನ ಕಲ್ಲು ಹಾಸಸ್ತೀನಿ."

"ಒಂದು ಪಲ್ಯ ಏನ ಹೇಳ್ತಿ, ಬೀಗರ ಮನಿಗೆ ಬುಟ್ಟಿಗಟ್ಟಲೆ ಕಳಸ್ತೀನಿ" ಎಂದೆ. ಹತ್ತಿ ವ್ಯಾಪಾರದವನ ನಾಲಿಗೆ, ಅಷ್ಟು ಬೇಗ ಸುಮ್ಮನಾಗುವುದಿಲ್ಲ.

೧. ಆಕಳ ಹಿಂದೆ

ಮೊದಲು ಗೊಬ್ಬರ. ಫೋನಿನಲ್ಲಿ ಒಬ್ಬರು ಸಗಣಿ, ಬೆಲ್ಲ, ಕಡಲೆಹಿಟ್ಟು ಕಲಸಿ ಡ್ರಮ್ಮಿನಲ್ಲಿ ಇಡಿ ಎಂದು ತೋರಿಸಿದರು. ಬೆಲ್ಲ, ಹಿಟ್ಟು ಮನೆಯಲ್ಲೇ ಇದ್ದವು. ಸಗಣಿ ಮಾತ್ರ ಜವಾರಿ ಆಕಳದೇ ಆಗಬೇಕಂತೆ, ಅದೂ ನೆಲದ ಮೇಲೆ ಬಿದ್ದು ಒಣಗಿದ್ದು ಆಗುವುದಿಲ್ಲವಂತೆ. ನಮ್ಮ ಓಣಿಯಲ್ಲಿ ಒಂದು ಬಿಡಾಡಿ ಆಕಳು ತಿರುಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಕೆಟ್ ಹಿಡಿದು ಅದರ ಬೆನ್ನು ಹತ್ತಿದೆ.

ಆಕಳಿಗೆ ನನ್ನ ಉದ್ದೇಶ ತಿಳಿದಿತ್ತೋ ಏನೋ, ಬಿಗಿ ಹಿಡಿದು ನಡೆಯಿತು. ಓಣಿ ದಾಟಿತು, ಬಜಾರು ದಾಟಿತು. ಬಿಳಿ ಅಂಗಿ, ಬಿಳಿ ಧೋತರ, ಕೈಯಲ್ಲಿ ಬಕೆಟ್, ಮುಂದೆ ಆಕಳು. ದಾರಿಯಲ್ಲಿ ಸಿಕ್ಕವರೆಲ್ಲ ನಮಸ್ಕಾರ ಮಾಡಿ, ಬಕೆಟ್ ನೋಡಿ, ಏನೂ ಕೇಳದೆ ಮುಂದೆ ಹೋದರು. ಕೇಳಿದ್ದರೆ ಹೇಳಬಹುದಿತ್ತು. ಕೇಳದೆ ಹೋದರಲ್ಲ, ಅದೇ ಜೀವ ತಿಂದಿತು.

ಕೊನೆಗೆ ಆಕಳು ಹೋಗಿ ನಿಂತದ್ದು ನಮ್ಮದೇ ಅಂಗಡಿಯ ಮುಂದೆ. ತಮ್ಮ ಗಾಬರಿಯಾಗಿ ಹೊರಗೆ ಬಂದ. "ಅಣ್ಣಾ, ಒಳಗ ಬಾ. ನಿನಗೇನು ಬೇಕು ನನ್ನ ಕೇಳು. ನಾಕು ಮಂದ್ಯಾಗ ಹಿಂಗ ಮಾಡಬ್ಯಾಡ" ಎಂದು ಕೈ ಹಿಡಿದು ಒಳಗೆ ಕರೆದೊಯ್ದು ಚಹಾ ಕುಡಿಸಿದ. ವಿಷಯ ತಿಳಿದ ಮೇಲೆ, "ಇಷ್ಟ ಏನು? ನಮ್ಮ ಹತ್ತಿ ಹೋಗೋ ಜಿನ್ನಿಂಗ್ ಮಿಲ್ಲಿನ ಕಸಾನ ಚಲೋ ಗೊಬ್ಬರ. ಎರಡು ಚೀಲ ಕಳಸ್ತೀನಿ" ಎಂದ.

ಆಕಳು ಮನಸ್ಸು ಮಾಡಿದ್ದು ನಾನು ಚಹಾ ಕುಡಿಯುತ್ತಿದ್ದಾಗ. ನಾನು ಬಕೆಟ್ ಹಿಡಿದು ಹೊರಗೆ ಓಡಿ ಬರುವಷ್ಟರಲ್ಲಿ ಅಂಗಡಿಯ ಆಳು, ಹಳೇ ಸಾವ್ಕಾರರು ಬಂದಾರ, ಬಾಗಿಲಾಗ ಗಲೀಜು ಇರಬಾರದು ಎಂದು ಎರಡು ಕೊಡ ನೀರು ಹೊಡೆದು ತೊಳೆದುಬಿಟ್ಟಿದ್ದ.

೨. ಸಲಾಯಿನ್

ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ. ಬಂದ ದಿನ ಕೊಡ ತುಂಬಿಸುವುದೇ ಯುದ್ಧ, ಗಿಡಕ್ಕೆ ನೀರು ಎಲ್ಲಿಂದ ತರಲಿ? ಆಗ ನನಗೆ ಒಂದು ಉಪಾಯ ಹೊಳೆಯಿತು. ಮೆಡಿಕಲ್ ಅಂಗಡಿಯ ಗೆಳೆಯನ ಹತ್ತಿರ ದಿನ ಮೀರಿದ ಸಲಾಯಿನ್ ಬಾಟಲಿಗಳಿದ್ದವು. ಹನ್ನೆರಡು ತಂದೆ. ಹನ್ನೆರಡು ಟೊಮೆಟೊ ಸಸಿಗೆ ಹನ್ನೆರಡು ಕೋಲು ನೆಟ್ಟು, ಬಾಟಲಿ ತಲೆಕೆಳಗೆ ಕಟ್ಟಿ, ನಳಿಗೆಯನ್ನು ಬೇರಿಗೆ ಬಿಟ್ಟೆ. ಹನಿ ಹನಿಯಾಗಿ ಬೀಳುವುದನ್ನು ನೋಡುತ್ತ ಕೂತರೆ ಕಣ್ಣಿಗೆ ಹಬ್ಬ. ಬಾಟಲಿಯೊಳಗಿನ ಸಲಾಯಿನ್ನನ್ನು ಚೆಲ್ಲಲಿಲ್ಲ. ಮನುಷ್ಯನನ್ನೇ ಎಬ್ಬಿಸಿ ಕೂರಿಸುವ ನೀರು ಟೊಮೆಟೊಗೆ ಕೆಟ್ಟದ್ದು ಮಾಡುತ್ತದೆಯೇ ಎಂದುಕೊಂಡೆ. ಅದರಲ್ಲಿ ಉಪ್ಪು ಇರುತ್ತದೆ ಎನ್ನುವುದು ಆಗ ನೆನಪಾಗಲಿಲ್ಲ.

ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿದಳು. ಸಾಲಾಗಿ ತೂಗುತ್ತಿದ್ದ ಬಾಟಲಿಗಳನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ನಾಯನಾ, ಏಮೈಂದಿ, ಏನಾತು? ಸಲಾಯಿನ್ ತನಕಾ ಬಂತೇನು?"

"ಏನೂ ಆಗಿಲ್ಲ ಅಜ್ಜೀ. ಗಟ್ಟಿ ಆಗ್ಲಿ ಅಂತ ಹಚ್ಚೀನಿ."

"ನಮ್ಮ ಯಜಮಾನ್ರಿಗೂ ಹಂಗ ಅಂದು ಹಚ್ಚಿದ್ರಪ್ಪ" ಎಂದು ಅಜ್ಜಿ ಉಸಿರು ಬಿಟ್ಟಳು. "ಮೂರು ದಿನ ಇದ್ರು."

ನಾನು ಒಳಗೊಳಗೇ ನಕ್ಕೆ. ಎರಡನೆಯ ದಿನ ಎಲೆ ಮುದುಡಿದವು. ಮೂರನೆಯ ದಿನ ಬೆಳಿಗ್ಗೆ ಹನ್ನೆರಡೂ ಗಿಡ ನೆಲಕ್ಕೆ ಮಲಗಿದ್ದವು. ಅಜ್ಜಿ ಮತ್ತೆ ಇಣುಕಿ ನೋಡಿದಳು. ನಾನು ಒಂದೊಂದೇ ನಳಿಗೆ ಬಿಚ್ಚುತ್ತಿದ್ದೆ. "ಬಿಡು ತಮ್ಮಾ" ಎಂದಳು, "ನೀ ಮಾಡೋದು ಮಾಡೀದಿ. ನಮ್ಮ ಕೈಯಾಗ ಏನೈತಿ?"

೩. ಮೊದಲ ಕಾಯಿ

ಪತ್ತಿಕೊಂಡದ ಸಂತೆಯಿಂದ ತಂದ ಆರು ಬದನೆ ಸಸಿಗಳಲ್ಲಿ ಐದು ಹುಳಕ್ಕೆ ಹೋದವು. ಉಳಿದ ಒಂದರಲ್ಲಿ ಯುಗಾದಿಗೆ ಮೂರು ವಾರ ಇರುವಾಗ ಒಂದು ಕಾಯಿ ಬಿಟ್ಟಿತು. ಒಂದೇ ಒಂದು. ದಿನಕ್ಕೆ ಹತ್ತು ಸಲ ಹೋಗಿ ನೋಡಿದೆ. ಮೊದಲನೇ ಮಗಳು ಹುಟ್ಟಿದಾಗಲೂ ಇಷ್ಟು ಸಲ ತೊಟ್ಟಿಲು ಇಣುಕಿರಲಿಲ್ಲ ಎಂದು ಹೆಂಡತಿ ಅಂದಳು. ಇದೊಂದು ಕಾಯಿ, ಹಬ್ಬದ ಹೊತ್ತಿಗೆ ಇನ್ನು ನಾಲ್ಕು ಬಂದರೆ ಹಿತ್ತಲು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಸೋಮವಾರ ಭಿಕ್ಷಕ್ಕೆ ಅಯ್ಯನವರು ಬಂದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಜೋಳದ ಹಿಟ್ಟಿನ ಮೇಲೆ ನನ್ನ ಬದನೆಕಾಯಿ ಅವರ ಜೋಳಿಗೆ ಸೇರಿತ್ತು.

"ಏನ ಮಾಡ್ದಿ ಇದು!" ಎಂದೆ.

"ಗಿಡದ ಮೊದಲನೇ ಕಾಯಿ ಅಯ್ಯನೋರಿಗೆ. ನಿಮ್ಮ ಮನಿ ಪದ್ಧತಿ ನಾ ನಿಮಗ ಹೇಳಬೇಕೇನು? ನಿಮ್ಮ ಅವ್ವಾನ ಕಲಿಸಿದ್ದು" ಎಂದಳು.

ಪದ್ಧತಿ ನನಗೆ ಗೊತ್ತಿತ್ತು. ಆದರೆ ಪದ್ಧತಿ ಮಾಡಿದ ಹಿರಿಯರು ಗಿಡದಲ್ಲಿ ಎರಡನೆಯ ಕಾಯಿ ಬರುತ್ತದೆ ಎಂದು ನಂಬಿದ್ದರು. ನಮ್ಮ ಗಿಡದಲ್ಲಿ ಬರಲಿಲ್ಲ.

ಮುಂದಿನ ಸೋಮವಾರ ಅಯ್ಯನವರು ಮತ್ತೆ ಬಂದರು. ಕಾಯಿ ಹೇಗಿತ್ತು ಎಂದು ಕೇಳಿದೆ. ಕೇಳಬಾರದಿತ್ತು.

"ಇನ್ನೂ ಮಾಡಿಲ್ಲಪ್ಪ" ಎಂದರು. "ಒಂದು ಕಾಯಿಗೆ ಒಗ್ಗರಣಿ ಹಾಕೋದು ಹೆಂಗ? ನಿಮ್ಮ ಮನಿಯಿಂದ ಅದರ ಜೋಡಿ ಬರ್ಲಿ ಅಂತ ತೆಗೆದಿಟ್ಟೀನಿ."

೪. ಬೆಂಡೆ

ಇಷ್ಟೆಲ್ಲ ಆದರೂ ನಾನು ಧೈರ್ಯ ಬಿಡಲಿಲ್ಲ. ಕಾರಣ, ಬೆಂಡೆ. ಗೋಡೆಯ ಬದಿಗೆ ಸಾಲು ಹೊಡೆದು, ತಮ್ಮ ಕಳಿಸಿದ ಮಿಲ್ಲಿನ ಕಸವನ್ನೆಲ್ಲ ಅದಕ್ಕೇ ಸುರಿದು, ಬೆಂಡೆಬೀಜ ಹಾಕಿದ್ದೆ. ಬಂದವು ನೋಡಿ ಗಿಡಗಳು! ಅಂಗೈಯಷ್ಟು ಎಲೆ, ಮೊಳಕಾಲೆತ್ತರ, ಸೊಂಟದೆತ್ತರ. ಉಳಿದದ್ದೆಲ್ಲ ಸಾಯುತ್ತಿದ್ದರೂ ಇವು ಮಾತ್ರ ನಗುನಗುತ್ತ ಏಳುತ್ತಿದ್ದವು. ಹೆಂಡತಿಯೂ ನಾನು ಹೇಳದೆಯೇ ಪಾತ್ರೆ ತೊಳೆದ ನೀರನ್ನು ತಂದು ಹಾಕುತ್ತಿದ್ದಳು. ಪಾಪ, ಅವಳಿಗೂ ಈಗ ಹಿತ್ತಲ ಮೇಲೆ ಮನಸ್ಸು ಬಂದಿದೆ ಎಂದು ನನ್ನ ಕಣ್ಣು ತುಂಬಿ ಬಂತು.

ಹಳದಿ ಹೂವು ಬಿಟ್ಟವು. ಆಮೇಲೆ ಕಾಯಿ. ಕಾಯಿ ಉದ್ದ ಇರದೆ ಗುಂಡಗಿದ್ದವು. ಈಗ ಎಲ್ಲದರಲ್ಲೂ ಹೊಸ ಹೊಸ ಬೀಜ ಬಂದಿವೆ, ಇದು ಗುಂಡು ಬೆಂಡೆ ಇರಬೇಕು ಎಂದು ತೀರ್ಮಾನಿಸಿದೆ.

ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ತಿಂದು, ಮೊರ ತುಂಬ ಕಾಯಿ ಕಿತ್ತೆ. ಅದೇ ಹೊತ್ತಿಗೆ ಪೆದ್ದಹರಿವಾಣದ ರೈತನೊಬ್ಬ ಹೊಸ ಹುಣಸೆಹಣ್ಣು ಹಿಡಿದು ಹಬ್ಬಕ್ಕೆ ಮಾತಾಡಿಸಲು ಬಂದ. ಇಪ್ಪತ್ತು ವರ್ಷ ನನಗೇ ಹತ್ತಿ ಹಾಕಿದವನು. ಸಾಕ್ಷಿಗೆ ಒಬ್ಬರು ಸಿಕ್ಕರು ಎಂದು ಖುಷಿಯಾಗಿ ಅವನ ಎದುರೇ ಮೊರವನ್ನು ಹೆಂಡತಿಯ ಮುಂದಿಟ್ಟೆ.

"ತಗೋ. ಒಂದು ಪಲ್ಯಕ್ಕ ಅಂದಿದ್ದಿ, ಎರಡಕ್ಕ ಆಗ್ತಾವು. ಕಲ್ಲಿನವರಿಗೆ ಬರಬ್ಯಾಡ ಅಂತ ಹೇಳು."

ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಭುಜ ಕುಣಿಯುತ್ತಿತ್ತು. ರೈತ ಮೊರವನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೊರವನ್ನು ನೋಡಿದ.

"ಸಾವ್ಕಾರ್ರ, ತಪ್ಪು ತಿಳೀಬ್ಯಾಡ್ರಿ" ಎಂದ ಮೆಲ್ಲಗೆ. "ಇವು ಹತ್ತಿಕಾಯಿ."

ಬೆಂಡೆಬೀಜ ಇರುವೆಯ ಪಾಲಾಗಿತ್ತು. ಎದ್ದದ್ದೆಲ್ಲ ಮಿಲ್ಲಿನ ಕಸದಲ್ಲಿದ್ದ ಹತ್ತಿಕಾಳು.

ನನ್ನ ತಪ್ಪೇನು ಹೇಳಿ. ಮೂವತ್ತು ವರ್ಷ ಹತ್ತಿ ನನ್ನ ಹತ್ತಿರ ಬಂದದ್ದು ಚೀಲದಲ್ಲಿ, ಬೆಳ್ಳಗೆ. ಎಲೆ ಇಟ್ಟುಕೊಂಡು ಒಂದು ದಿನವೂ ಅಂಗಡಿಗೆ ಬಂದಿರಲಿಲ್ಲ. ಹೊಲದಲ್ಲಿ ನೋಡಿದ್ದೇನೆ, ಆದರೆ ಬಸ್ಸಿನ ಕಿಟಕಿಯಿಂದ, ಅರ್ಧ ನಿದ್ದೆಯಲ್ಲಿ.

"ನಿನಗ ಗೊತ್ತಿತ್ತೇನು?" ಎಂದು ಹೆಂಡತಿಯನ್ನು ಕೇಳಿದೆ.

"ಮೂರನೇ ಎಲಿಗೇ ಗೊತ್ತಾತ್ರಿ. ಗೋನೆಗಂಡ್ಲದಾಗ ನಮ್ಮಪ್ಪನ ಹೊಲದಾಗ ಹತ್ತಿ ಬಿಡಿಸಿ ದೊಡ್ಡಾಕಿ ಆಗೀನಿ."

"ಮತ್ತ ಯಾಕ ಹೇಳ್ಲಿಲ್ಲ?"

"ಹತ್ತಿ ಸಾವ್ಕಾರ್ರಿಗೆ ಇದು ಹತ್ತಿ ಗಿಡ ಅಂತ ಹೆಂಗ ಹೇಳ್ಲಿ? ನನಗ ನಾಚಿಕಿ ಬಂತು."

ನನಗೆ ನಿಜವಾಗಿ ಅಳು ಬಂತು. ಮೂರು ತಿಂಗಳ ಬೆವರು, ಮನೆಯಲ್ಲಿ ನನಗಿದ್ದ ಒಂದೇ ಒಂದು ಜಾಗ, ಎಲ್ಲವೂ ಆ ಮೊರದಲ್ಲಿತ್ತು. ಕೊನೆಯ ಆಸೆಯಿಂದ ರೈತನ ಕಡೆ ತಿರುಗಿದೆ. "ನೀನ ನ್ಯಾಯ ಹೇಳಪ್ಪ. ಪಲ್ಯಕ್ಕ ಬರದಿದ್ದರೂ ಇದೂ ಒಂದು ಬೆಳೀನ ಹೌದಲ್ಲೋ? ನೀ ಒಂದು ಮಾತು ಚಲೋ ಐತಿ ಅಂದ್ರ ಆಕಿ ಕಲ್ಲು ಹಾಸಂಗಿಲ್ಲ."

ರೈತ ಹುಣಸೆಹಣ್ಣಿನ ಗಂಟು ಕೆಳಗಿಟ್ಟ. ಒಂದು ಕಾಯಿ ತೆಗೆದುಕೊಂಡು ಉಗುರಿನಿಂದ ಸೀಳಿದ. ಒಳಗಿನ ಹಸಿ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ, ಬಾಗಿಲ ಬೆಳಕಿಗೆ ಎತ್ತಿ ನೋಡಿದ, ಕಣ್ಣು ಕಿರಿದು ಮಾಡಿದ, ತಲೆಯಾಡಿಸಿದ. ಇಪ್ಪತ್ತು ವರ್ಷ ಅವನ ಗಾಡಿಯ ಮುಂದೆ ನಿಂತು ನಾನು ಮಾಡುತ್ತಿದ್ದದ್ದು ಅದೇ. ಅಷ್ಟೂ ವರ್ಷ ಅವನು ನಿಂತು ನೋಡಿ ಕಲಿತಿದ್ದ.

"ಎಳಿ ಗಿಡ್ಡ ಐತ್ರಿ ಸಾವ್ಕಾರ್ರ" ಎಂದ. "ತ್ಯಾವ ಭಾಳ ಐತಿ. ಈ ಮಾಲು ನಡ್ಯಂಗಿಲ್ರಿ. ಸುಮ್ನ ಕಲ್ಲು ಹಾಸ್ರಿ. ನಮ್ಮ ಹತ್ತೀನೂ ತ್ಯಾವ ಐತಿ ಅಂತ ನಿಮ್ಮ ತಮ್ಮ ದಿನಾ ವಾಪಸ್ ಕಳಸ್ತಾನ, ನಾಕು ದಿನ ನಿಮ್ಮ ಕಲ್ಲಿನ ಮ್ಯಾಲ ಒಣಗಿಸಿ ಹಾಕ್ತೀನಿ. ಕಾಗಿ ಬರದಂಗ ನೋಡ್ಕೊಳ್ಳಾಕ ಹೆಂಗೂ ನೀವು ಮನ್ಯಾಗ ಇರ್ತೀರಿ."