ಟಿಕ್-ಟ್ಯಾಕ್-ಟೋ ಉದ್ಘಾಟನೆ

ಇಲ್ಲ ಸ್ವಾಮಿ, ಈ ವರ್ಷ ನಾನು ಏನೂ ಮಾಡಿಕೊಡಲ್ಲ. ಕುರ್ಚಿ ಹಾಕು ಅನ್ನಿ, ಹಾಕ್ತೀನಿ. ಪಾರ್ಕಿಂಗ್ ಲಾಟಲ್ಲಿ ಹಳದಿ ಜಾಕೆಟ್ ಹಾಕ್ಕೊಂಡು ನಿಲ್ಲು ಅನ್ನಿ, ನಿಲ್ತೀನಿ. ಕಂಪ್ಯೂಟರ್ ಸುದ್ದಿ ಮಾತ್ರ ಎತ್ತಬೇಡಿ. ಇಷ್ಟು ಸಿಟ್ಟು ಯಾಕೆ ಅಂತೀರಾ? ನಮ್ಮ ಕನ್ನಡ ಸಂಘದಲ್ಲಿ ಯಾರಿಗೂ ಆಗದ್ದೆಲ್ಲ ನನಗೇ ಆಗೋದು. ಕೇಳಿ.

೧. ಡ್ರಾ ಅಂದ್ರೆ ಯಾವ ಗ್ರೇಡು?

ಇಪ್ಪತ್ತಾರು ವರ್ಷದಿಂದ ಪ್ರೋಗ್ರಾಮ್ ಬರೀತಿದ್ದೀನಿ. ಮಾರಿಸ್‌ಟೌನ್ ಆಫೀಸಲ್ಲಿ ನಾನು ಬರೆದಿದ್ದನ್ನ ಇವತ್ತಿನವರೆಗೂ ಒಬ್ಬರೂ ಕಣ್ಣಲ್ಲಿ ನೋಡಿಲ್ಲ. ಹಾಗಾಗಿ ಹೋದ ವರ್ಷ ಸಂಘದ ಹಬ್ಬಕ್ಕೆ ಮಕ್ಕಳ ಸ್ಟಾಲ್ ಇಡಿ ಅಂದಾಗ ಆಸೆ ಆಯ್ತು. ಟಿಕ್-ಟ್ಯಾಕ್-ಟೋ ಬರೆದೆ. ಒಂಬತ್ತು ಮನೆ, ಒಬ್ಬರು ಗುಣಿಸು ಚಿಹ್ನೆ, ಇನ್ನೊಬ್ಬರು ಸೊನ್ನೆ ಇಡೋದು, ಮೂರು ಒಂದೇ ಸಾಲಿಗೆ ಬಂದ್ರೆ ಗೆಲುವು, ಅಷ್ಟೇ. ಆದ್ರೆ ನನ್ನ ಪ್ರೋಗ್ರಾಮ್ ಸೋಲಲ್ಲ. ನೀವು ಎಷ್ಟೇ ಜಾಣರಾದ್ರೂ ಡ್ರಾ. ನನ್ನ ಜೀವನದಲ್ಲಿ ನೂರಕ್ಕೆ ನೂರು ಸರಿಯಾಗಿರೋ ವಸ್ತು ಅದೊಂದೇ.

ಭಾನುವಾರದ ಕನ್ನಡ ಕ್ಲಾಸಲ್ಲಿ ಟೆಸ್ಟ್ ಮಾಡೋಕೆ ಕೊಟ್ಟೆ. ಒಬ್ಬ ತಾಯಿ ಬಂದ್ರು.

"ನಮ್ಮವನಿಗೆ ಡ್ರಾ ಬಂತಂತೆ. ಅಂದ್ರೆ ಎ ನಾ, ಎ ಮೈನಸ್ಸಾ?"

"ಮೇಡಂ, ಡ್ರಾ ಅಂದ್ರೆ ಡ್ರಾ. ಸಮ."

"ಆ ಪಿಂಕ್ ಸ್ವೆಟರ್ ಹುಡುಗೀಗೆ?"

"ಅವಳಿಗೂ ಡ್ರಾ."

"ಆದ್ರೆ ನಮ್ಮವನು ಬೇಗ ಡ್ರಾ ಮಾಡಿದ ಅಲ್ವಾ? ಅದನ್ನ ಸರ್ಟಿಫಿಕೇಟಲ್ಲಿ ಹಾಕಿಬಿಡಿ."

೨. ಕಮಿಟಿ ಮೀಟಿಂಗು

ನಮ್ಮ ಅಧ್ಯಕ್ಷರಿಗೆ ಯಾವುದನ್ನಾದ್ರೂ ಉದ್ಘಾಟನೆ ಮಾಡಿಸದೆ ಇದ್ರೆ ನಿದ್ದೆ ಬರಲ್ಲ. ಅದರ ಹಿಂದಿನ ವರ್ಷ ಮಜ್ಜಿಗೆ ಡ್ರಮ್ಮಿಗೂ ರಿಬ್ಬನ್ ಕಟ್ಟಿಸಿದ್ರು.

"ಮುಖ್ಯ ಅತಿಥಿಗಳು ಸ್ಟೇಜ್ ಮೇಲೆ ಮೊದಲ ಆಟ ಆಡಿ ಉದ್ಘಾಟನೆ ಮಾಡ್ತಾರೆ," ಅಂದ್ರು. "ಗೆಲ್ತಾರೆ ತಾನೇ?"

"ಇಲ್ಲ. ಹೆಚ್ಚು ಅಂದ್ರೆ ಡ್ರಾ. ತಪ್ಪಾಡಿದ್ರೆ ಸೋಲು."

ಅಧ್ಯಕ್ಷರ ಕೈಲಿದ್ದ ಕಾಫಿ ಕಪ್ಪು ಅಲ್ಲೇ ನಿಂತಿತು. "ಏನ್ರೀ ಇದು! ಅವರು ಕುಂದಾಪುರದ ಕಡೆಯವರು, ಆರು ಮೋಟೆಲ್ ಇದೆ. ಕರೆಸಿ, ಹಾರ ಹಾಕಿ, ಶಾಲು ಹೊದಿಸಿ, ಆಮೇಲೆ ಸೋಲಿಸೋದಾ?"

"ಸರಿಯಾದ ಪ್ರೋಗ್ರಾಮ್ ಸೋಲಲ್ಲ ಸಾರ್."

"ಹಾಗಾದ್ರೆ ತಪ್ಪು ಮಾಡಿ! ಅದೇನು ಕಷ್ಟ? ಸೋಲದಿದ್ರೆ ಸ್ಟಾಲ್ ಕ್ಯಾನ್ಸಲ್. ಆ ಜಾಗ ಕೇಳಿಕೊಂಡು ಮೆಹಂದಿಯವರು ಕೂತಿದ್ದಾರೆ."

ಇಪ್ಪತ್ತಾರು ವರ್ಷ ಕಲಿತ ವಿದ್ಯೆ ಒಂದು ಕಡೆ, ಮೆಹಂದಿ ಒಂದು ಕಡೆ.

೩. ರೈಲಿನಲ್ಲಿ

ಹಲ್ಲು ಕಚ್ಚಿಕೊಂಡು ರೈಲಲ್ಲೇ ಪ್ರೋಗ್ರಾಮ್ ಬದಲಾಯಿಸ್ತಾ ಕೂತೆ. ತಾನು ಗೆಲ್ಲೋ ಮನೆ ಕಂಡ್ರೂ, ಎದುರಾಳಿಯನ್ನ ತಡೆಯೋ ಮನೆ ಕಂಡ್ರೂ ಅದನ್ನ ಬಿಟ್ಟು ಬೇರೆ ಖಾಲಿ ಮನೆಗೆ ಹೋಗು, ಅಷ್ಟೇ ಬದಲಾವಣೆ. ಸೀಕಾಕಸ್ ಸ್ಟೇಷನ್ನಲ್ಲಿ ಹತ್ತಿ ಪಕ್ಕದಲ್ಲಿ ಕೂತ ಒಬ್ಬ ಬೆಂಗಳೂರು ಸ್ಟೂಡೆಂಟ್ ನನ್ನ ಸ್ಕ್ರೀನ್ ಇಣುಕಿದ.

"ಅಂಕಲ್, ನಿಮ್ಮ ಲಾಜಿಕ್ ಉಲ್ಟಾ ಇದೆ. ಗೆಲ್ಲೋ ಛಾನ್ಸ್ ಇದ್ರೂ ಬಿಡ್ತಿದೆ."

"ಗೊತ್ತಪ್ಪ. ಬೇಕು ಅಂತಲೇ ಬರೆದಿದ್ದು."

ಅವನು ನನ್ನ ಮುಖ, ಲ್ಯಾಪ್‌ಟಾಪ್, ಮತ್ತೆ ನನ್ನ ಮುಖ ನೋಡಿದ. ಆಮೇಲೆ ಬಹಳ ಮೆತ್ತಗೆ ಕೇಳಿದ: "ಅಂಕಲ್, ಲೇಆಫ್ ಆಯ್ತಾ?"

೪. ಉದ್ಘಾಟನೆ

ವುಡ್‌ಬ್ರಿಡ್ಜಿನ ಸ್ಕೂಲ್ ಹಾಲ್ ತುಂಬಿತ್ತು. ಆಟ ದೊಡ್ಡ ಪರದೆ ಮೇಲೆ. ಮುಖ್ಯ ಅತಿಥಿಗಳು ಹಾರ, ಶಾಲು ಸಮೇತ ಲ್ಯಾಪ್‌ಟಾಪ್ ಮುಂದೆ ಕೂತರು.

"ನಾನು ಮೊದಲು ಆಡುವುದಾ? ಛೆ ಛೆ, ಕಂಪ್ಯೂಟರೇ ಮೊದಲು ಆಡಲಿ," ಅಂದ್ರು.

ಆಡಿಸಿದೆ. ನನ್ನ ಪ್ರೋಗ್ರಾಮ್ ಗೆಲ್ಲೋ ಮನೆ ಬಿಟ್ಟು ಮೂಲೆಗೆ ಹೋಯ್ತು. ಅವರಿಗೂ ಎರಡು ಸೊನ್ನೆ ಪಕ್ಕಪಕ್ಕ ಬಂತು, ಮೂರನೇದು ಇಟ್ರೆ ಮುಗೀತು. ಇಡಲಿಲ್ಲ! ಅವರೂ ಬೇರೆ ಮೂಲೆಗೆ ಹೋದ್ರು. ಇದು ಬಿಡ್ತು, ಅವರು ಬಿಟ್ರು. ಮದುವೆ ಮನೇಲಿ ಕೊನೇ ಹೋಳಿಗೆ ಒಬ್ಬರ ಎಲೆಗೊಬ್ಬರು ತಳ್ಳೋ ಹಾಗೆ ಇಬ್ಬರೂ ಗೆಲುವನ್ನ ತಳ್ಳಾಡ್ತಾ ಇದ್ದಾರೆ. ಜನ "ಅಲ್ಲಿ ಇಡಿ, ಅಲ್ಲಿ!" ಅಂತ ಕೂಗ್ತಿದ್ದಾರೆ. ನನಗೆ ಬಿ.ಪಿ. ಏರ್ತಿದೆ.

ಕೊನೆಗೆ ಉಳಿದಿದ್ದು ಒಂದೇ ಮನೆ. ಸರದಿ ಕಂಪ್ಯೂಟರಿಂದು. ಬಿಟ್ಟು ಹೋಗೋಕೆ ಬೇರೆ ಮನೆ ಎಲ್ಲಿದೆ? ಇಡ್ತು. ಮೂರೂ ಒಂದೇ ಸಾಲಿಗೆ ಬಂತು. ಮಕ್ಕಳಿಗೆ ಅಂತ ಹಾಕಿ ತೆಗೆಯೋಕೆ ಮರೆತಿದ್ದ ಪೀಪಿ ಸದ್ದಿನ ಜೊತೆ, ಪರದೆಯಗಲ ಅಕ್ಷರದಲ್ಲಿ: "ನೀವು ಸೋತಿರಿ! ಇನ್ನೂ ಅಭ್ಯಾಸ ಬೇಕು!"

ಅಧ್ಯಕ್ಷರು ಮೈಕಿನಲ್ಲೇ "ಅಯ್ಯೋ" ಅಂದ್ರು. ಅತಿಥಿಗಳು ಮಾತ್ರ ಖುಷಿಯಾಗಿ ಎದ್ದು ಬಂದು ನನ್ನ ಕೈ ಹಿಡ್ಕೊಂಡ್ರು. "ಅಬ್ಬ, ಸೋತೆ ಮಾರಾಯ್ರೆ! 'ಪ್ರೋಗ್ರಾಮ್ ಬರೆದವರು ಭಾರೀ ಸೆನ್ಸಿಟಿವ್, ದಯವಿಟ್ಟು ಗೆಲ್ಲಬೇಡಿ' ಅಂತ ನಿಮ್ಮ ಅಧ್ಯಕ್ಷರು ಕಾರಲ್ಲೇ ಹೇಳಿದ್ರು. ಎಷ್ಟು ಕಷ್ಟ ಆಯ್ತು ಗೊತ್ತುಂಟಾ!"

ನನಗೆ ಪ್ರೋಗ್ರಾಮ್ ಸೋಲಬೇಕು ಅಂತ, ಅವರಿಗೆ ಗೆಲ್ಲಬೇಡಿ ಅಂತ. ನಾನು ಬದಲಾಯಿಸದಿದ್ರೆ ಅತಿಥಿಗಳ ಮಾನ ಉಳೀಲಿ ಅಂತ ಎರಡೂ ಕಡೆ ಹೇಳಿ ಬಂದ ಮಹಾನುಭಾವರು ಸ್ಟೇಜ್ ಮೇಲಿಂದ ನನ್ನನ್ನೇ ದುರುಗುಟ್ಟಿ ನೋಡ್ತಿದ್ರು. ಸಂಜೆಯೊಳಗೆ ಸ್ಟಾಲ್ ಮೆಹಂದಿಯವರದಾಯ್ತು.

ಮನೆಗೆ ಬಂದು ಶೂ ಕೂಡ ಬಿಚ್ಚದೆ ಒಂದು ಗಂಟೆ ಕೂಗಾಡಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು, ಟೀ ಕಪ್ ಮುಂದಿಟ್ಟು ಹೇಳಿದಳು: "ಯಾಕೆ ರೇಗ್ತೀರಿ? ಸೋಲೋಕೆ ಅಂತ ಕೂತು ಗೆದ್ದು ಬಂದಿದೆ ಅದು. ನೀವು ಈ ಮನೇಲಿ ಗೆಲ್ಲೋಕೆ ಅಂತ ಕೂತು ಇಪ್ಪತ್ತೆರಡು ವರ್ಷ ಆಯ್ತು."