ಉಸಿರಾಡದ ಗಾಯಕಿಗೆ ಕುರುಗೋಡಿನಿಂದ ಒಂದು ತಕರಾರು

ಮಾನ್ಯ ಕಂಪ್ಯೂಟರ್ ಗಾಯಕಿಯವರೇ,

ಜಪಾನಿನಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಮೈಯೇ ಇಲ್ಲದವರಿಗೆ ನೆಗಡಿ, ಜ್ವರ, ಸೊಂಟನೋವುಗಳು ಬರುವ ಸಂಭವ ಕಡಿಮೆಯಾದ್ದರಿಂದ ಈ ವಿಷಯವನ್ನು ಹೆಚ್ಚು ವಿಚಾರಿಸುವುದಿಲ್ಲ. ಇಲ್ಲಿ ಬಳ್ಳಾರಿಯಲ್ಲಿ ಬಿಸಿಲು ಕ್ಷೇಮ, ಅದರ ಕೆಳಗೆ ನಾವೂ ಕ್ಷೇಮ. ಯಾರು ಪದ ಬರೆದು, ಸ್ವರ ಕೂಡಿಸಿ ಕಂಪ್ಯೂಟರಿಗೆ ತುಂಬಿದರೂ ಮುಖ ಸಿಂಡರಿಸದೆ ಹಾಡಿಕೊಡುವ ತಮ್ಮ ಉದಾರ ಗುಣವನ್ನು ತುಂಬು ಗೌರವದಿಂದ ಸ್ಮರಿಸುತ್ತ, ಕುರುಗೋಡಿನ 'ಎಲ್ಲರೂ ಹಾಡುವ ಸಂಘ'ದ ಸ್ಥಾಪಕನಾದ ಎರ್ರಿ ಎಂಬ ನಾನು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ಸಂಘದ ಬಗ್ಗೆ ತಾವು ಕೇಳಿರಲಾರಿರಿ. 'ದನಿಯಿಲ್ಲದ ಮನುಷ್ಯರಿಲ್ಲ, ಬಾಯಿ ಮುಚ್ಚಿಸಿಕೊಂಡ ಮನುಷ್ಯರಿದ್ದಾರೆ' ಎಂಬ ತಲೆಬರಹದ ಕರಪತ್ರವನ್ನು ನಾನೇ ಬರೆದು, ಅಚ್ಚು ಹಾಕಿಸಿ, ಬಳ್ಳಾರಿ ಬಸ್ ನಿಲ್ದಾಣದಲ್ಲಿ ಹಂಚಿದೆ. ಹಲವರು ಅದರಲ್ಲಿ ಮಂಡಕ್ಕಿ ಕಟ್ಟಿಕೊಂಡರು. ಒಬ್ಬಳು ಓದಿದಳು. ಅವಳು ಮೀನಾಕ್ಷಿ: ಊರು ಸಿರುಗುಪ್ಪ, ವಾಸ ಕೌಲ್ ಬಜಾರಿನ ಅತ್ತೆಯ ಮನೆ, ಕೆಲಸ ಅಲ್ಲಿಯೇ ಜೀನ್ಸ್ ಪ್ಯಾಂಟುಗಳಿಗೆ ಜಿಪ್ ಹೊಲಿಯುವುದು. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಾಗ ಮೇಷ್ಟ್ರು ಅವಳೊಬ್ಬಳ ಹತ್ತಿರ ಬಂದು, "ನೀ ದನಿ ತಗೀಬ್ಯಾಡವ್ವ, ಬರೇ ಬಾಯಿ ಆಡ್ಸು" ಎಂದಿದ್ದರಂತೆ. ಅಂದಿನಿಂದ ಅವಳು ಮದುವೆ ಮನೆಯ ಗದ್ದಲದಲ್ಲಿಯೂ ಹಾಡಿದವಳಲ್ಲ. ಕರಪತ್ರ ಹಿಡಿದುಕೊಂಡು ಬಂದು, "ಇದು ಖರೇನೇನ್ರಿ?" ಎಂದು ಕೇಳಿದಳು. ಖರೆ ಎಂದೆ. "ಹಂಗಾರ ನನಗೊಂದು ಹಾಡು ಹುಡುಕಿ ಕೊಡ್ರಿ. ಆಕಿದೇ ಆಗ್ಬೇಕು. ಸುಲಭದ್ದಿರ್ಲಿ."

ಆಕಿ ಎಂದರೆ ತಾವು. ಹೊಲಿಗೆ ಮಷೀನುಗಳೆಲ್ಲ ಒಟ್ಟಿಗೆ ಓಡುವಾಗ ಇಯರ್‌ಫೋನಿನಲ್ಲಿ ಅವಳಿಗೆ ಕೇಳುವ ದನಿ ತಮ್ಮದೊಂದೇ. ಇನ್ನೊಂದು ಕಾರಣವನ್ನೂ ಹೇಳಿದಳು: "ಆಕಿ ಮನುಷ್ಯಾಳಲ್ಲ ನೋಡ್ರಿ, ನಾ ತಪ್ಪು ಹಾಡಿದ್ರ ನಗಂಗಿಲ್ಲ." ಇಷ್ಟು ನಂಬಿಕೆ ನನ್ನ ಕರಪತ್ರದ ಮೇಲೂ ಯಾರೂ ಇಟ್ಟಿಲ್ಲ. ಪ್ರದೀಪನೆಂಬವನು ಕೌಲ್ ಬಜಾರಿನ ಮೊಬೈಲ್ ರಿಪೇರಿ ಅಂಗಡಿಯೊಂದರ ಮೇಲೆ ಕರೋಕೆ ಕೋಣೆ ಇಟ್ಟಿದ್ದಾನೆ. ಭಾನುವಾರ ಮಧ್ಯಾಹ್ನ ಅಲ್ಲಿ ಹಾಡುವುದೆಂದು ನಿಶ್ಚಯವಾಯಿತು. ಅಲ್ಲಿಯೂ ದನಿ ಹೊರಡದಿದ್ದರೆ ಆ ಮೇಷ್ಟ್ರ ಮಾತು ನಿಜವಾಗುತ್ತಿತ್ತು, ಅವಳು ಇನ್ನೆಂದೂ ಬಾಯಿ ತೆರೆಯುತ್ತಿರಲಿಲ್ಲ. ನನ್ನ ಕರಪತ್ರಕ್ಕೆ ಮಂಡಕ್ಕಿಯೇ ಗತಿಯಾಗುತ್ತಿತ್ತು.

ಆದ್ದರಿಂದ ತಮ್ಮ ಸುಲಭದ ಹಾಡುಗಳ ಶೋಧಕ್ಕೆ ಇಳಿದೆ. ಇಲ್ಲಿಂದ ನನ್ನ ತಕರಾರು ಆರಂಭವಾಗುತ್ತದೆ, ದಯವಿಟ್ಟು ಕುಳಿತುಕೊಳ್ಳಿ. ಪದಗಳು ಕಡಿಮೆಯಿರುವ ಹಾಡು ಸುಲಭವೆಂದು ಇಂಟರ್‌ನೆಟ್ಟಿನ ಬಲ್ಲವರು ಬರೆದಿದ್ದರು. ಅಂಥದ್ದೊಂದನ್ನು ಆರಿಸಿದರೆ, ಬರೀ 'ಲಾ ಲಾ' ಎಂದು ಸಜ್ಜನರಂತೆ ನಡೆದ ತಾವು ಕೊನೆಯಲ್ಲಿ ಇದ್ದಕ್ಕಿದ್ದಂತೆ ಬಳ್ಳಾರಿ ಗುಡ್ಡದ ನೆತ್ತಿಗೆ ಹಾರಿ, ಇಳಿಯುವ ದಾರಿ ತೋರಿಸದೆ ಹಾಡು ಮುಗಿಸಿಬಿಟ್ಟಿರಿ. ಏರಿಳಿತ ಕಡಿಮೆಯಿರುವುದು ಸುಲಭವೆಂದರು. ಅದರಲ್ಲಿ ತಾವು ಬಸ್ಸು ಹೊರಡುವ ಮುಂಚೆ ಊರುಗಳ ಹೆಸರು ಕೂಗುವ ಕಂಡಕ್ಟರನಿಗಿಂತ ವೇಗವಾಗಿ ಪದಗಳನ್ನು ಉದುರಿಸಿದಿರಿ. ಕೊನೆಗೆ ನಿಧಾನವಾದದ್ದು ಸುಲಭವಿರಬೇಕೆಂದು ನನ್ನದೇ ಬುದ್ಧಿ ಓಡಿಸಿ, ಎಲ್ಲಕ್ಕಿಂತ ನಿಧಾನದ ಹಾಡೊಂದನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟೆ. ತಮ್ಮ ಭಾಷೆಯ ಪದಗಳು ಬಹುಪಾಲು ನಮ್ಮವುಗಳಂತೆ ಸ್ವರದಲ್ಲೇ ಮುಗಿಯುವುದರಿಂದ ಬರೆಯಲು ತೊಂದರೆಯಾಗಲಿಲ್ಲ. ಅವಳು ಅದನ್ನು ಪಿಸುದನಿಯಲ್ಲಿ ಓದುವುದನ್ನು ಕೇಳಿ ಅತ್ತೆ ಕೊಟ್ರಬಸಮ್ಮನವರು, "ಏನವ್ವಾ, ತೆಲುಗು ಹಾಡಾ?" ಎಂದರಂತೆ. ಜಪಾನಿದು ಎಂದದ್ದಕ್ಕೆ, "ಇರ್ಲಿ ಬಿಡು, ಅವರೂ ಮನುಷ್ಯಾರ ಅಲ್ಲೇನು" ಎಂದು ಒಪ್ಪಿಗೆ ಕೊಟ್ಟರಂತೆ. ತಮ್ಮ ವಿಷಯದಲ್ಲಿ ಅವರು ತುಸು ದುಡುಕಿದರೆಂದು ನನ್ನ ಅಭಿಪ್ರಾಯ.

ಏಕೆಂದರೆ ಆ ನಿಧಾನದ ಹಾಡಿನಲ್ಲಿ ಉಸಿರಿಗೆ ಜಾಗವೇ ಇಲ್ಲ. ಒಂದೊಂದು ಸಾಲೂ ತೂಬೇ ಇಲ್ಲದ ಕಾಲುವೆಯಂತೆ ಸಿರುಗುಪ್ಪ ಸೀಮೆಯ ಹಚ್ಚೊಳ್ಳಿಯಾಚೆಗೂ ಹರಿಯುತ್ತಲೇ ಇರುತ್ತದೆ. ತಮಗೆ ಶ್ವಾಸಕೋಶವಿಲ್ಲದಿರುವುದು ತಮ್ಮ ತಪ್ಪಲ್ಲವೆಂದು ಬಲ್ಲೆ. ವಿರಾಮ ಕೇಳದೆ, ರಜೆ ಕೇಳದೆ, ಒಂದು ಗುಟುಕು ನೀರೂ ಕೇಳದೆ ದುಡಿಯುವ ತಮ್ಮನ್ನು ಕಂಡರೆ ಎಂಥ ಮಾಲೀಕನಿಗೂ ಕಣ್ಣು ತುಂಬಿ ಬಂದೀತು. ತನ್ನ ಕೆಲಸಗಾರರೆಲ್ಲ ಹೀಗೇ ಇರಲಿ ಎಂದು ಅವನು ಆಸೆಪಡುವುದರಲ್ಲಿಯೇ ಅಪಾಯವಿದೆ. ಸಂಗನಕಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಅವೂ ಒಮ್ಮೆ ನುಡಿದು, ಸುಮ್ಮನಾಗಿ, ಇನ್ನೊಂದು ಪೆಟ್ಟಿಗೆ ಕಾಯುತ್ತವೆ. ಕಲ್ಲಿಗಿರುವ ಬಿಡುವು ತಮಗೇಕೆ ಬೇಡ?

ಇನ್ನು ಭಾನುವಾರದ ವರದಿ. ಅವಳ ಧೈರ್ಯಕ್ಕಿರಲೆಂದು ನಮ್ಮೂರ ಭಜನಾ ಮಂಡಳಿಯ ಹುಲಿಗೇಶನನ್ನೂ ಅವನ ಗೆಳೆಯರನ್ನೂ ಕರೆದೊಯ್ದಿದ್ದೆ. ಸುಮ್ಮನೆ ಕುಳಿತು ಕೇಳಬೇಕೆಂದು ಮೊದಲೇ ತಾಕೀತು ಮಾಡಿದ್ದೆ. ಹಾಡು ಶುರುವಾಯಿತು. ಮೀನಾಕ್ಷಿ ಮೈಕು ಹಿಡಿದಳು, ಬಾಯಿ ತೆರೆದಳು, ದನಿ ಬಂತು! ಸಣ್ಣದು, ಆದರೆ ಅವಳದೇ. ಸಾಲಿನ ಕೊನೆ ಮುಟ್ಟುವ ಮೊದಲೇ ಉಸಿರು ಮುಗಿದು, ದನಿ ನಿಂತು, ಅವಳ ಮುಖ ಶಾಲೆಯ ಹುಡುಗಿಯದಾಗಿಬಿಟ್ಟಿತು. ಅವಳು ಮೈಕನ್ನು ಕೆಳಗಿಡಲು ಬಗ್ಗಿದಳು.

ಆಗ ಹಿಂದಿನಿಂದ ಮಂಡಳಿಯವರು ಅದೇ ಸಾಲನ್ನು ಎತ್ತಿಕೊಂಡರು. ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನು ತಿರುಗಿ ಹೇಳುವುದು ಭಜನೆಯ ಪದ್ಧತಿ; ಸಾಲೊಂದು ಅನಾಥವಾಗಿ ಬಿದ್ದಿರುವುದನ್ನು ಅವರಿಂದ ನೋಡಲಾಗದು. ಪದದ ಅರ್ಥ ಗೊತ್ತಿಲ್ಲದಿದ್ದರೂ ಮನಸಾರೆ ಹಾಡುವುದು ಅವರಿಗೆ ಹೊಸತೇನಲ್ಲ. ಅವರು ಹಾಡುವಷ್ಟು ಹೊತ್ತು ಮೀನಾಕ್ಷಿ ಉಸಿರು ತೆಗೆದುಕೊಂಡಳು, ಮುಂದಿನ ಸಾಲು ಹೇಳಿದಳು. ಅವರು ಅದನ್ನೂ ತಿರುಗಿಸಿದರು, ಅಷ್ಟರಲ್ಲಿ ಯಾರೋ ತಾಳವನ್ನೂ ಜೇಬಿನಿಂದ ತೆಗೆದಿದ್ದರು. ಪರದೆಯ ಮೇಲೆ ಅಕ್ಷರಗಳು ಬಣ್ಣ ಬದಲಿಸುತ್ತ ಎಲ್ಲೋ ಮುಂದೆ ಓಡಿದವು, ವಾದ್ಯಗಳು ಮುಗಿದೇ ಹೋದವು, ನಮ್ಮ ಹಾಡು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಹಾಡಿಗೆ ಅಂಕ ಹಾಕುವ ಯಂತ್ರವು ಒಂದೂ ನಕ್ಷತ್ರ ಕೊಡದೆ ನಮ್ಮನ್ನು ಮನೆಗೆ ಹೋಗಿರೆಂದಿತು. ಪ್ರದೀಪ, "ಮಷೀನಿನ ಲೆಕ್ಕದಾಗ ಇದು ಹಾಡ ಅಲ್ಲಂತ್ರಿ" ಎಂದು ಹೇಳಿ, ತಾನೇ ಎದ್ದು ಅದನ್ನು ಬಂದ್ ಮಾಡಿ, ಬಾಗಿಲ ಹತ್ತಿರ ನಿಂತು ತಾನೂ ತಿರುಗಿ ಹೇಳತೊಡಗಿದ. ಹಾಡು ಮುಗಿದಾಗ ಹುಲಿಗೇಶ ಬೆವರು ಒರೆಸಿಕೊಂಡು ನನಗೆ, "ಲೇ ಎರ್ರಿ, ಇದು ನಿನ್ನ ಸುಲಭದ ಹಾಡೇನಲೇ? ಕಷ್ಟದ್ದು ಇದ್ದಿದ್ರ ನಮ್ಮನ್ನ ಹೊತ್ಕೊಂಡ ಹೋಗಬೇಕಿತ್ತು!" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೀನಾಕ್ಷಿ. ಆ ನಗುವಿನ ದನಿ, ಮಾನ್ಯರೇ, ತಮ್ಮ ಯಾವ ಹಾಡಿಗಿಂತಲೂ ಎತ್ತರದ್ದಾಗಿತ್ತು.

ಈ ಹಿನ್ನೆಲೆಯಲ್ಲಿ ಸಂಘವು ತಮ್ಮನ್ನು ನಮ್ರವಾಗಿ ಕೋರುವುದೇನೆಂದರೆ, ತಾವು ಆದಷ್ಟು ಬೇಗ ಒಂದು ಜೊತೆ ಶ್ವಾಸಕೋಶ ಬೆಳೆಸಿಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ಗಂಟಲು ಕಟ್ಟಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಇಲ್ಲಿಗೆ ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು, ಖಾರ ನೆತ್ತಿಗೇರಿ ಕೆಮ್ಮಿ, ಆ ಕೆಮ್ಮನ್ನೂ ಸೇರಿಸಿಯೇ ಒಂದು ಹಾಡು ಹಾಡಬೇಕು. ಸಂಘದ ಸದಸ್ಯತ್ವ ತಮಗಾಗಿ ಸದಾ ತೆರೆದಿದೆ. ಉಸಿರು ಸಾಲದಾದಾಗ ಹಿಂದಿನಿಂದ ಸಾಲು ಎತ್ತಿಕೊಳ್ಳುವ ಹೊಣೆ ನಮ್ಮದು.

ಸಾಲಿಗೊಮ್ಮೆ ನಿಂತು ಉಸಿರಾಡುತ್ತಲೇ,
ತಮ್ಮ ವಿಶ್ವಾಸಿ,
ಎರ್ರಿ
ಕುರುಗೋಡು

ಮರೆತ ಮಾತು: ತಾವು ಉತ್ತರ ಬರೆಯುವುದಾದರೆ ನಡುನಡುವೆ ಪೂರ್ಣವಿರಾಮ ಹಾಕಿ, ಇಲ್ಲಿ ಪತ್ರಗಳನ್ನು ಗಟ್ಟಿಯಾಗಿ ಓದುವವರಿದ್ದಾರೆ. ಮೀನಾಕ್ಷಿ ಬರುವ ಭಾನುವಾರಕ್ಕೆ ತಮ್ಮ ಹಾಡುಗಳಲ್ಲೆಲ್ಲ ಅತಿ ಕಷ್ಟದ್ದನ್ನು ತಾನೇ ಆರಿಸಿಕೊಂಡಿದ್ದಾಳೆ. ಇನ್ನೊಂದು ಸುಲಭದ್ದು ಹುಡುಕಿದ್ದೇನೆಂದು ನಾನು ಹೇಳಿದ್ದಕ್ಕೆ, "ಅದು ನಿಮಗ ಇರ್ಲಿ ತಗೋರಿ, ನೀವಿನ್ನೂ ಒಂದೂ ಹಾಡಿಲ್ಲಲ್ಲ!" ಎಂದಳು.