ಹದಿನೇಳು ಸೆಕೆಂಡಿನ ಕೂಗು

ಪರ್ವತಯ್ಯನ ಭಾನುವಾರ ಕೆಟ್ಟಿದ್ದು ಎರಡನೇ ತಟ್ಟೆ ಇಡ್ಲಿಯಿಂದ. ಒಂದಕ್ಕೇ ತೃಪ್ತಿಪಟ್ಟು ಕೈ ತೊಳೆದಿದ್ದರೆ, ಗೌರೀಶನ ಹೋಟೆಲಿಗೆ ಆ ಹುಡುಗಿ ಕಾಲಿಡುವ ಹೊತ್ತಿಗೆ ಅವನು ಮನೆ ಸೇರಿರುತ್ತಿದ್ದ. ಆದರೆ ಆವತ್ತು ಚಟ್ನಿ ಚೆನ್ನಾಗಿತ್ತು, ಮನಸ್ಸೂ ಹಗುರವಾಗಿತ್ತು.

ಹಗುರವಾಗದೆ ಏನು? ಸಂಜೆ ಐದಕ್ಕೆ ಮಧುಗಿರಿಯ ಶರಣ ಗಾನ ಸಂಘದ ಸಭೆ. ಹನ್ನೊಂದು ವರ್ಷದಿಂದ ಪರ್ವತಯ್ಯ ಅದರ ಕಾರ್ಯದರ್ಶಿ. ಕಾರ್ಯದರ್ಶಿ ಅನ್ನುವುದು ಕಾಗದದ ಮೇಲಿನ ಮಾತು. ಜಮಖಾನ ಹಾಸುವವನು, ಹಾರ್ಮೋನಿಯಂ ಹೊರುವವನು, ನಡಾವಳಿ ಬರೆಯುವವನು, ವಚನ ಹಾಡುವಾಗ ಕೊನೇ ಸಾಲಿನಲ್ಲಿ ಕೂತು ಬಾಯಾಡಿಸುವವನು, ಎಲ್ಲ ಅವನೇ. ಈಗಿನ ಅಧ್ಯಕ್ಷ ನಂದೀಶ್ವರಯ್ಯನವರಿಗೆ ತಾರಸ್ಥಾಯಿಗೆ ಹೋದಾಗಲೆಲ್ಲ ಹಲ್ಲಿನ ಸೆಟ್ಟು ಕಳಚಿಕೊಳ್ಳುತ್ತಿತ್ತು. ಹಾಗಾಗಿ ಈ ಸಲ ಕುರ್ಚಿ ಬಿಡುವುದಾಗಿ ಅವರೇ ಹೇಳಿದ್ದರು. ಆ ಕುರ್ಚಿಗೆ ಇಬ್ಬರು ನಿಂತಿದ್ದರು: ಒಬ್ಬ ಪರ್ವತಯ್ಯ, ಇನ್ನೊಬ್ಬ ಗೊಬ್ಬರದಂಗಡಿ ಅಡವಯ್ಯ. ಅಡವಯ್ಯನ ತಾಳಜ್ಞಾನ ಅಷ್ಟಕ್ಕಷ್ಟೇ. ಊರಲ್ಲಿ ಅವನಿಗಿದ್ದ ಹೆಸರು ಒಂದೇ. ಚಿಕ್ಕಂದಿನಲ್ಲಿ ಕಲ್ಲೆಸೆದು ಹುಣಸೆಕಾಯಿ ಉದುರಿಸುವಾಗ ಅವನ ಗುರಿ ಒಂದು ದಿನವೂ ತಪ್ಪಿದ್ದಿಲ್ಲವಂತೆ.

"ಈ ಸಲಾನೂ ಆಗ್ಲಿಲ್ಲ ಅಂದ್ರೆ ಆ ಜಮಖಾನ ಹಾಸೋ ಕೆಲ್ಸ ಬುಟ್ಬುಡಿ," ಎಂದಿದ್ದಳು ಹೆಂಡತಿ ಜಗದಾಂಬ, ಬೆಳಿಗ್ಗೆ ಪಂಚೆಗೆ ಇಸ್ತ್ರಿ ಹಾಕುತ್ತ. "ನಮ್ಮೆಜಮಾನ್ರು ಅಧ್ಯಕ್ಷರು ಅಂತ ನಾಲ್ಕು ಜನದ ಮುಂದೆ ಹೇಳ್ಕೊಳ್ಳೋ ಆಸೆ ನಂಗಿಲ್ವಾ?" ಆ ಮಾತು ಪರ್ವತಯ್ಯನಿಗೆ ನಾಟಿತ್ತು. ಇಷ್ಟು ವರ್ಷಕ್ಕೆ ಅವಳು ಕೇಳಿದ್ದು ಅದೊಂದೇ.

ಹುಡುಗಿ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಹೆಗಲ ಚೀಲದಿಂದ ಹಳೇ ಟೇಪ್ ರೆಕಾರ್ಡರ್ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಳು.

"ನಾನು ಅಂಬ್ರೀನ್, ಸಿರಾದಿಂದ ಬಂದೆ. ಹಳೇ ಕ್ಯಾಸೆಟ್‌ಗಳ ಬಗ್ಗೆ ಮೊಬೈಲಲ್ಲಿ ಕಾರ್ಯಕ್ರಮ ಮಾಡ್ತೀನಿ. ಇದನ್ನ ಹಾಡಿದೋರು ಈ ಊರಲ್ಲೇ ಇದಾರಂತೆ. ಒಂಚೂರು ಕೇಳಿ ಹೇಳ್ತೀರಾ?"

ಗುಂಡಿ ಒತ್ತಿದಳು. ಮೊದಲು ಗಿಟಾರು ತಗಡು ಕೊಯ್ದಂತೆ ಕಿರುಗುಟ್ಟಿತು. ಹಿಂದೆಯೇ ಡ್ರಮ್ಮು ಬಂತು. ಆಮೇಲೆ ಇದ್ದಕ್ಕಿದ್ದಂತೆ ಒಂದು ಕೂಗು ಎದ್ದಿತು. ಎದ್ದದ್ದು ಇಳಿಯಲೇ ಇಲ್ಲ. ಗೌರೀಶ ಎತ್ತಿ ಹೊಯ್ಯುತ್ತಿದ್ದ ಕಾಫಿ ಲೋಟದ ಬದಲು ನೆಲಕ್ಕೇ ಸುರಿಯಿತು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಬಾಲ ಮುದುರಿಕೊಂಡು ಕೋರ್ಟಿನ ಕಡೆ ಓಡಿತು.

ಪರ್ವತಯ್ಯನ ಗಂಟಲಲ್ಲಿ ಇಡ್ಲಿ ನಿಂತಿತು. ಯಾಕೆಂದರೆ ಆ ಕೂಗು ಅವನದೇ.

ಮೂವತ್ತು ವರ್ಷದ ಹಿಂದಿನ ಮಾತು. ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದ ನಾಲ್ವರು ಸೇರಿ 'ಕೊಳ್ಳಿದೆವ್ವ' ಅಂತ ಒಂದು ಹಾರ್ಡ್ ರಾಕ್ ಬ್ಯಾಂಡ್ ಕಟ್ಟಿದ್ದರು. ಸೊಂಟದವರೆಗೆ ಕೂದಲು, ಕಣ್ಣಿಗೆ ಕಾಡಿಗೆ, ಹೆತ್ತ ತಾಯಿಗೂ ಗುರುತು ಸಿಗದಷ್ಟು ಮುಖಕ್ಕೆ ಬೂದಿ. ಹೆಸರುಗಳೂ ಇಲ್ಲ, ಒಂದರಿಂದ ನಾಲ್ಕರವರೆಗೆ ನಂಬರು. ಹಾಡುತ್ತಿದ್ದ 'ದೆವ್ವ ನಂಬರ್ ಒಂದು' ಪರ್ವತಯ್ಯನೇ. 'ಹೊಗೆ', 'ಉರಿ', 'ಬೂದಿ' ಎಂದು ಮೂರು ಕ್ಯಾಸೆಟ್ ತಂದರು, ನಾಲ್ಕು ತಾಲ್ಲೂಕಿನಲ್ಲಿ ಹೆಸರು ಕೆಡಿಸಿಕೊಂಡರು. ಕೊನೆಗೆ ಕೂದಲು ಕತ್ತರಿಸಿ, ಒಬ್ಬರ ಹೆಸರು ಇನ್ನೊಬ್ಬರು ಹೇಳಬಾರದೆಂದು ಆಣೆ ಮಾಡಿಕೊಂಡು, ಮರ್ಯಾದಸ್ಥರಾಗಿ ಕೆಲಸಕ್ಕೆ ಸೇರಿಬಿಟ್ಟರು. ಜಗದಾಂಬಳಿಗೂ ಇದು ಗೊತ್ತಿರಲಿಲ್ಲ.

"ಡ್ರಮ್ ಬಾರಿಸಿದ್ದು ನಮ್ಮ ಉಮರ್ ಮಾಮು," ಎಂದಳು ಅಂಬ್ರೀನ್. "ಹಾಡಿದೋರ ಹೆಸರು ಮಾತ್ರ ಹೇಳಲ್ಲ. 'ಕಸಮ್ ಹಾಕಿದೀನಿ ಬೇಟಿ' ಅಂತಾರೆ. ಮಧುಗಿರೀಲಿ ಶರಣ ಗಾನ ಸಂಘದಲ್ಲಿದಾರೆ, ಅಷ್ಟೇ ಅಂದ್ರು. ಒಂದೇ ಉಸಿರಲ್ಲಿ ಹದಿನೇಳು ಸೆಕೆಂಡು! ಹೆಂಗೆ ಕೂಗಿದ್ರು ಅಂತ ಎಲ್ಲೆಲ್ಲಿಂದಾನೋ ಜನ ನನ್ನ ಕೇಳ್ತಾರೆ."

ಗೌರೀಶ ಪರ್ವತಯ್ಯನ ಕಡೆ ತಿರುಗಿದ. "ಯಾವನೋ ಪ್ರಾಣ ಬುಡ್ತಾವ್ನೆ ಅಂದ್ಕಂಡೆ ಕಣ್ಲಾ. ನಿಮ್ ಸಂಘದೋನಂತಲ್ಲೋ. ಯಾರ್ಲಾ ಅವ್ನು?"

ಪರ್ವತಯ್ಯ ನೀರು ಕುಡಿದು ಇಡ್ಲಿ ಇಳಿಸಿಕೊಂಡ. ಸಂಜೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂರುವ ಹಿರಿಯರಿಗೆ ಇದು ತಿಳಿದರೆ ಅಧ್ಯಕ್ಷಗಿರಿ ಹಾಗಿರಲಿ, ಜಮಖಾನ ಮುಟ್ಟಲೂ ಬಿಡುವುದಿಲ್ಲ. ಹಾಗೆ ಯೋಚಿಸುತ್ತಿದ್ದಾಗಲೇ ಇನ್ನೊಂದು ಯೋಚನೆ ಹೊಳೆಯಿತು. ಅವನು ಕೆಟ್ಟವನಲ್ಲ, ಆದರೆ ಹನ್ನೊಂದು ವರ್ಷ ಜಮಖಾನ ಹಾಸಿದವನು.

"ಅಡವಯ್ಯ," ಎಂದ.

ಗೌರೀಶನ ಕಿವಿಗೆ ಬಿದ್ದ ಸುದ್ದಿ ಹತ್ತು ಗಂಟೆ ಹೊಡೆಯುವುದರೊಳಗೆ ದಂಡಿನ ಮಾರಮ್ಮನ ಗುಡಿ ದಾಟಿತು. ಕಾಫಿ ಕೊಡುವಾಗ ಒಂದು ಮಾತು, ಚಿಲ್ಲರೆ ಕೊಡುವಾಗ ಇನ್ನೊಂದು ಸೇರಿಸಿ, ಅಡವಯ್ಯ ಹಿಂದೆ ಜೀವಂತ ಹಾವು ಕೊರಳಿಗೆ ಹಾಕಿಕೊಂಡು ಹಾಡುತ್ತಿದ್ದನೆಂಬಲ್ಲಿಗೆ ಅದನ್ನು ಬೆಳೆಸಿದ್ದ. ಪರ್ವತಯ್ಯ ಮನೆಗೆ ಬಂದು ನೆಮ್ಮದಿಯಾಗಿ ಕೂತ.

ನೆಮ್ಮದಿ ಮಧ್ಯಾಹ್ನದವರೆಗೂ ಬಾಳಲಿಲ್ಲ. ಹಿತ್ತಲ ಬಾಗಿಲಿಂದ ಅಡವಯ್ಯ ಬೆವರು ಒರೆಸಿಕೊಳ್ಳುತ್ತ ಬಂದ.

"ಏನ್ಲಾ ಪರ್ವತ ಇದು! ಯಾವನೋ ಮನೆಹಾಳ ನನ್ನ ದೆವ್ವ ಅಂದವ್ನಂತೆ. ಅಲ್ಲ ಅಂದ್ರೆ ಒಬ್ರೂ ನಂಬ್ತಿಲ್ಲ. ಅಂಗಡೀಲಿ ಹುಡುಗ್ರು ಬಂದು ಫೋಟೋ ತಕ್ಕಂಡ್ ಹೋಗ್ತಾವ್ರೆ. ಆ ಹುಡ್ಗಿ ಸಂಜೆ ಸಭೆಗೇ ಬತ್ತಾಳಂತೆ. ನಾನಲ್ಲ ಅಂತ ಎಲ್ರ ಮುಂದೆ ಆಣೆ ಮಾಡ್ಬುಡ್ಲಾ?"

ಪರ್ವತಯ್ಯ ಅವನ ಕೈ ಹಿಡಿದುಕೊಂಡ. ಇವನು ಆಣೆ ಮಾಡಿದರೆ ಮುಂದಿನ ಬೆರಳು ತನ್ನ ಕಡೆಯೇ ತಿರುಗುತ್ತದೆ.

"ಬ್ಯಾಡ ಬ್ಯಾಡ! ಆಣೆಗೀಣೆ ಯಾಕೆ? ಹೆಂಗೂ ಯಾರೂ ನಂಬಲ್ಲ, ಹೂಂ ಅಂದ್ಬುಡು."

"ಹೂಂ ಅಂದು ಏನ್ ಹೇಳ್ಲಿ? ನಂಗೇನ್ ಗೊತ್ತೈತೆ?"

ಹೀಗೆ, ತನ್ನ ಕತೆಯನ್ನು ತಾನೇ ಎದುರಾಳಿಗೆ ಪಾಠ ಹೇಳಿಕೊಡುವ ಪಾಡು ಪರ್ವತಯ್ಯನದಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಡವಯ್ಯನನ್ನು ಕೂರಿಸಿ ಶುರುಮಾಡಿದ.

"ಕೊರಟಗೆರೇಲಿ ಒಂದು ಕಾಲೇಜ್ ಡೇ. ಎರಡನೇ ಹಾಡಿಗೆ ಟ್ರಾನ್ಸ್‌ಫಾರ್ಮರ್ ಢಮ್ ಅಂತು, ಮೂರು ದಿನ ಊರಿಗೆ ಕರೆಂಟಿಲ್ಲ. ಸಿರಾದಲ್ಲಿ ಹಾಡಿದ್ದು ಒಂದೇ ಹಾಡು. ಪಕ್ಕದ ಬೀದಿ ಎಮ್ಮೆ ಹಾಲು ಬತ್ತೋಯ್ತು ಅಂತ ಕಂಪ್ಲೇಂಟು. ಪಾವಗಡದಲ್ಲಂತೂ ಹಾಡೇ ಇಲ್ಲ. ಡ್ರಮ್ಮು ಇಳ್ಸೋದ್ರೊಳಗೆ ಇನ್ಸ್‌ಪೆಕ್ಟರು 'ಏಮಿರಾ ಈ ಗೋಲ, ಗಲಾಟೆ ಸಾಕು, ನಡೀರಿ' ಅಂತ ಜೀಪಲ್ಲಿ ಹಾಕ್ಕಂಡೋಗಿ ಆಂಧ್ರದ ಗಡಿ ದಾಟಿಸ್ಬುಟ್ಟ. ಅರ್ಧ ಗಂಟೇಲಿ ಆ ಕಡೆ ಪೊಲೀಸ್ರು ವಾಪಸ್ ತಂದು ಬುಟ್ರು!"

ಹೇಳುತ್ತ ಹೇಳುತ್ತ ಪರ್ವತಯ್ಯನ ಕಣ್ಣು ಹೊಳೆಯತೊಡಗಿತ್ತು. ಖಾಲಿ ಬಕೆಟ್ಟನ್ನು ಬೋರಲು ಹಾಕಿ ತಾಳ ಬಾರಿಸಿಯೂ ತೋರಿಸಿದ.

"ನಿಂಗೆಂಗ್ಲಾ ಇಷ್ಟೆಲ್ಲ ಗೊತ್ತು?" ಅಡವಯ್ಯ ಬಾಯಿಬಿಟ್ಟುಕೊಂಡು ಕೇಳಿದ.

"ಆಗ ಪೇಪರ್‌ನಲ್ಲಿ ಬಂದಿತ್ತು," ಎಂದು ಪರ್ವತಯ್ಯ ಬಕೆಟ್ ಎತ್ತಿಟ್ಟ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಕತೆಯನ್ನು ಬಾಯಿಬಿಟ್ಟು ಹೇಳಿದ್ದ, ಅದೂ ಇನ್ನೊಬ್ಬನಿಗೆ ದಾನ ಕೊಡಲು.

"ಆ ಕೂಗಿನ ವಿಷ್ಯ ಕೇಳಿದ್ರೆ?"

ಪರ್ವತಯ್ಯ ಹಪ್ಪಳದಂತೆ ಮುರುಟಿದ್ದ ತನ್ನ ಎಡಗಿವಿಯನ್ನು ಒಮ್ಮೆ ಮುಟ್ಟಿಕೊಂಡ. "ನಮ್ ಬೆಟ್ಟದ ಮೇಲೇ ಬ್ಯಾಟ್ರಿ ಟೇಪ್ ಇಟ್ಕಂಡು ಮಾಡಿದ್ದು. ಹೆಂಗೆ ಅಂದ್ರೆ ಸಾಧನೆ ಅನ್ನು. ಜಾಸ್ತಿ ಬಾಯ್ ಬುಡ್ಬ್ಯಾಡ."

ಸಂಜೆ ಮಠದ ಹಜಾರಕ್ಕೆ ಯಾವತ್ತೂ ಬಾರದಷ್ಟು ಜನ ಬಂದಿದ್ದರು. ಜಮಖಾನ ಸಾಲದೆ ಪರ್ವತಯ್ಯ ಇನ್ನೊಂದು ತಂದು ಹಾಸಿದ. ಹೆಂಗಸರ ಸಾಲಿನಲ್ಲಿ ಜಗದಾಂಬ ಹೊಸ ಸೀರೆ ಉಟ್ಟು ಕೂತಿದ್ದಳು. ಗೌರೀಶ ಹೋಟೆಲಿಗೆ ಬಾಗಿಲು ಹಾಕಿಕೊಂಡೇ ಬಂದಿದ್ದ. ಅಂಬ್ರೀನ್ ಮೂಲೆಯಲ್ಲಿ ಮೊಬೈಲ್ ಹಿಡಿದು ನಿಂತಿದ್ದಳು. ಅಡವಯ್ಯ ಎದ್ದು ಕೊರಟಗೆರೆ, ಸಿರಾ, ಪಾವಗಡ ಎಲ್ಲ ಹೇಳಿದ. ಎಮ್ಮೆಯನ್ನು ಕೊರಟಗೆರೆಗೆ, ಟ್ರಾನ್ಸ್‌ಫಾರ್ಮರನ್ನು ಪಾವಗಡಕ್ಕೆ ಸಾಗಿಸಿದ್ದ, ಆದರೂ ಆ ದೆವ್ವ ತಾನೇ ಎಂದು ಒಪ್ಪಿಕೊಂಡ. ಪರ್ವತಯ್ಯ ಹಿರಿಯರ ಮುಖ ಕೆಂಪಾಗುವುದನ್ನೇ ಕಾಯುತ್ತ ಕೂತ.

ನಂದೀಶ್ವರಯ್ಯನವರು ಹಲ್ಲು ಗಟ್ಟಿಮಾಡಿಕೊಂಡು ಎದ್ದರು.

"ನೋಡ್ರಪ್ಪ, ನಮ್ಮ ಸಂಘ ಹುಟ್ಟಿ ಇಪ್ಪತ್ತಾರು ವರ್ಷ ಆಯ್ತು. ಒಂದು ಕ್ಯಾಸೆಟ್ ತರೋಕಾಯ್ತಾ ನಮ್ ಕೈಲಿ? ಈ ಅಡವಯ್ಯ ಮೂರು ತಂದವ್ರೆ! ಸಿರಾದಿಂದ ಮಗು ಹುಡುಕ್ಕೊಂಡು ಬಂದೈತೆ! ದೆವ್ವನೋ ದೇವ್ರೋ, ಗಂಟಲು ಗಂಟಲೇ. ಅಧ್ಯಕ್ಷಗಿರಿಗೆ ಇನ್ನೊಂದು ಹೆಸರು ಯಾಕೆ?"

ಹಜಾರ ಚಪ್ಪಾಳೆ ತಟ್ಟಿತು. ಜಗದಾಂಬ ತಲೆ ತಗ್ಗಿಸಿದಳು. ಅದನ್ನು ಕಂಡು ಪರ್ವತಯ್ಯನಿಗೆ ತಡೆಯಲಾಗಲಿಲ್ಲ.

"ಅದು ನಾನು!" ಎಂದು ಎದ್ದು ನಿಂತ. "ದೆವ್ವ ನಂಬರ್ ಒಂದು ನಾನು! ಇವ್ನಿಗೆ ಮಧ್ಯಾಹ್ನ ಎಲ್ಲಾ ಹೇಳ್ಕೊಟ್ಟೋನೇ ನಾನು!"

ಹಜಾರವೆಲ್ಲ ನಕ್ಕಿತು. "ನಿನ್ ದನಿ ಪಕ್ಕದಲ್ ಕುಂತೋನಿಗೇ ಕೇಳ್ಸಲ್ವಲ್ಲಪ್ಪ," ಎಂದರು ನಂದೀಶ್ವರಯ್ಯನವರು. "ಬೆಳಿಗ್ಗೆ ಅಡವಯ್ಯ ಅಂದೋನು ನೀನೇ ಅಲ್ವೇನ್ಲಾ?" ಎಂದ ಗೌರೀಶ. ಅಡವಯ್ಯ ತಿರುಗಿ ನೋಡಿದ ನೋಟಕ್ಕೆ ಪರ್ವತಯ್ಯನಿಗೆ ಕಣ್ಣು ಕೊಡಲಾಗಲಿಲ್ಲ.

"ಇಬ್ರೂ ಒಂದ್ಸಲ ಕೂಗಿ ತೋರಿಸ್ಲಿ," ಎಂದಳು ಅಂಬ್ರೀನ್.

ಅಡವಯ್ಯ ಕೂಗಿದ. ಎರಡು ಸೆಕೆಂಡಿಗೆ ಕೆಮ್ಮು ಬಂತು. ಪರ್ವತಯ್ಯ ಎದೆ ತುಂಬ ಗಾಳಿ ತುಂಬಿಕೊಂಡು, ಕಣ್ಣು ಮುಚ್ಚಿ ಬಾಯಿ ತೆರೆದ. ವಾಷರು ಸವೆದ ಕುಕ್ಕರಿನ ಸೀಟಿಯಷ್ಟು ಬಂದು ನಿಂತುಹೋಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಬರಲ್ಲ ಕಣಮ್ಮ, ಈಗ ಬರಲ್ಲ," ಎಂದ. "ಆವತ್ತೂ ನಾನಾಗಿ ಕೂಗಿದ್ದಲ್ಲ. ಶಿವರಾತ್ರಿ ಹಿಂದಿನ ಭಾನುವಾರ, ಬೆಟ್ಟದ ಕೋಟೆ ಮೂರನೇ ಬಾಗಿಲ ಹತ್ರ ಹಾಡ್ತಿದ್ವಿ. ಟೇಪು ಓಡ್ತಿತ್ತು. ಕೆಳಗಿಂದ ಯಾವನೋ ಪಾಪಿ ಬೀಸಿದ ಕಲ್ಲು ಬಂದು ತಲೆ ಮೇಲಿನ ಹೆಜ್ಜೇನಿಗೆ ಬಿತ್ತು. ಉಮರ್ ಡ್ರಮ್ಮು ಬಿಟ್ಟು ಓಡ್ದ, ಇನ್ನಿಬ್ರೂ ಓಡಿದ್ರು. ಮೈಕಿನ ವೈರು ನನ್ ಕಾಲಿಗೆ ಸುತ್ತಿತ್ತು. ಅರವತ್ತೊಂದು ಮುಳ್ಳು ಕಿತ್ತವ್ರೆ ಆಸ್ಪತ್ರೇಲಿ. ಈ ಕಿವಿ ನೋಡಿ! ಹುಟ್ಟಿಂದ ಬಂದಿದ್ದು ಅಂತ ನನ್ ಹೆಂಡ್ತಿಗೂ ಸುಳ್ಳು ಹೇಳಿದ್ದೆ."

ಈ ಸಲ ಯಾರೂ ನಗಲಿಲ್ಲ. "ಮಾಮು ಕುತ್ತಿಗೇಲೂ ಗುರುತಿದೆ!" ಎಂದು ಅಂಬ್ರೀನ್ ಮೊಬೈಲನ್ನು ಪರ್ವತಯ್ಯನ ಮುಖಕ್ಕೆ ಹಿಡಿದಳು. ಹಿರಿಯರು ಒಬ್ಬೊಬ್ಬರಾಗಿ ಬಂದು ಕಿವಿ ಮುಟ್ಟಿ ನೋಡಿದರು. ಜಗದಾಂಬ ತಲೆ ಎತ್ತಿದ್ದಳು. ಕುರ್ಚಿ ಇನ್ನೇನು ಕೈಗೆ ಬಂತೆಂದು ಪರ್ವತಯ್ಯ ಪಂಚೆ ಸರಿಮಾಡಿಕೊಂಡ.

ಅಷ್ಟರಲ್ಲಿ ಅಡವಯ್ಯ ಮೆಲ್ಲಗೆ ಕೇಳಿದ. "ಮೂರನೇ ಬಾಗಿಲಾ? ಶಿವರಾತ್ರಿ ಹಿಂದಿನ ಭಾನುವಾರಾನಾ?"

"ಹೂಂ. ಯಾಕೆ?"

"ಆ ಪಾಪಿ ನಾನೇ ಕಣ್ಲಾ. ಪಿಯುಸಿ ಪರೀಕ್ಷೆಗೆ ಓದ್ಕಳ್ಳಕೆ ಬೆಟ್ಟಕ್ಕೆ ಬಂದು ಕುಂತಿದ್ದೆ. ಮೇಲೆ ಯಾರೋ ಬಡ್ಕಂತಾನೇ ಇದ್ರು. ಸುಮ್ನಾಗ್ಲಿ ಅಂತ ಜೇನಿಗೆ ಗುರಿಯಿಟ್ಟು ಒಂದು ಬೀಸ್ದೆ. ಸುಮ್ನಾಗೋದ್ ಬುಟ್ಟು ಇನ್ನೂ ಜೋರಾಗಿ ಕೂಗಿದ್ರು. ಆವತ್ತೇ ಓದು ಬುಟ್ಟೆ."

ಅಂಬ್ರೀನಳ ಮೊಬೈಲು ನಿಧಾನಕ್ಕೆ ಪರ್ವತಯ್ಯನಿಂದ ಅಡವಯ್ಯನ ಕಡೆ ತಿರುಗಿತು.

"ಅಂದ್ರೆ ಆ ಹದಿನೇಳು ಸೆಕೆಂಡು ನಿಮ್ದೇ!"

ನಂದೀಶ್ವರಯ್ಯನವರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು ತೀರ್ಪು ಕೊಟ್ಟರು. "ಹಾಡಿದೋನು ಪರ್ವತಯ್ಯ, ಹಾಡಿಸಿದೋನು ಅಡವಯ್ಯ. ಅಧ್ಯಕ್ಷನ ಕೆಲ್ಸ ಏನ್ರಪ್ಪ? ಹಾಡ್ಸೋದು ತಾನೆ?"

ಎಲ್ಲರೂ ಕೈ ಎತ್ತಿದರು. ಎಣಿಸಿ ಬರೆದುಕೊಳ್ಳಬೇಕಾದವನು ಕಾರ್ಯದರ್ಶಿ ಪರ್ವತಯ್ಯ, ಎಣಿಸಿ ಬರೆದುಕೊಂಡ. ಜನ ಎದ್ದ ಮೇಲೆ ಜಗದಾಂಬ ಹತ್ತಿರ ಬಂದು ಜಮಖಾನದ ಇನ್ನೊಂದು ತುದಿ ಹಿಡಿದಳು. "ಹೋಗ್ಲಿ ಬುಡಿ," ಎಂದಳು, ನಗು ತಡೆಯಲಾರದೆ. "ಅಧ್ಯಕ್ಷರ ಹೆಂಡ್ತಿ ಅಲ್ದಿದ್ರೆ ದೆವ್ವದ ಹೆಂಡ್ತಿ ಅಂತ ಹೇಳ್ಕೊತೀನಿ." ಇಡೀ ದಿನದಲ್ಲಿ ಅವನಿಗೆ ಹಿತವಾದ ಮಾತು ಅದೊಂದೇ.

ಬಾಗಿಲ ಬಳಿ ಅಂಬ್ರೀನ್ ಮತ್ತು ಹೊಸ ಅಧ್ಯಕ್ಷರು ಏನೋ ಗುಸುಗುಸು ಮಾತಾಡುತ್ತಿದ್ದರು. ಅಡವಯ್ಯ ನಗುನಗುತ್ತ ಬಂದು ಪರ್ವತಯ್ಯನ ಹೆಗಲ ಮೇಲೆ ಕೈಹಾಕಿದ. ಬೆಳಗಿನ ಸುಳ್ಳನ್ನು ಅವನು ಮರೆತಂತೆಯೇ ಕಂಡಿತು.

"ಲೇ ಪರ್ವತ, ಸಂಘದ ಮೊದಲ್ನೇ ರೆಕಾರ್ಡಿಂಗು ಬರೋ ಭಾನುವಾರ, ಅದೇ ಮೂರನೇ ಬಾಗಿಲ ಹತ್ರ. ಸಿರಾದಿಂದ ಉಮರೂ ಬತ್ತಾನಂತೆ. ನಡಾವಳೀಲಿ ಬರ್ಕೊ."

"ಈಗ ಅಷ್ಟು ಜೋರಾಗಿ ನಂಗೆ ಕೂಗೋಕಾಗಲ್ಲ ಕಣಯ್ಯ, ನೋಡಿದ್ಯಲ್ಲ," ಎಂದ ಪರ್ವತಯ್ಯ ಕಂಗಾಲಾಗಿ.

"ನೀನು ಬಂದು ನಿಂತ್ಕೊ ಸಾಕು," ಎಂದ ಅಡವಯ್ಯ, ಬಲಗೈ ತೋಳನ್ನು ಒಂದು ಸುತ್ತು ತಿರುಗಿಸಿ ನೋಡಿಕೊಳ್ಳುತ್ತ. "ಕೂಗ್ಸೋದು ನಂಗೆ ಬುಡು."